ಉಸಿರಿನ ಮಾತುಗಳೂ ಇರುಳಿನ ಚಿಕಿತ್ಸೆಯೂ

ಕನ್ನಡದಲ್ಲಿ ಉಸಿರಿನ ಸಂಕಟಕ್ಕೆ ಹೆಸರು ಒಂದಲ್ಲ. ಉಬ್ಬಸವೂ ಗೂರಲೂ ರೋಗವನ್ನು ಹೇಳುವುವು. ಏದುಸಿರು ದಣಿವಿನಿಂದಲೂ ಬಂದೀತು. ಮೇಲುಸಿರೆಂಬುದು ಪ್ರಾಣಭಯವನ್ನು ಸೂಚಿಸುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ನಡುವಿರುಳಲ್ಲಿ ರೋಗಿಯನ್ನು ಕರೆತಂದವರು ಇವುಗಳಲ್ಲಿ ಯಾವುದನ್ನು ನುಡಿದರೆಂಬುದು ಆಸ್ಪತ್ರೆಯ ಶ್ವಾಸಚಿಕಿತ್ಸಕನಿಗೆ ಮೊದಲ ಕುರುಹು.

ಬೆಳಗಿನ ಜಾವ ಸುಮಾರು 4 ಗಂಟೆಯ ವೇಳೆಗೆ ಶ್ವಾಸನಾಳಗಳು ಸಹಜವಾಗಿಯೇ ಕಿರಿದಾಗುವುದರಿಂದ ಉಬ್ಬಸವು ಹೆಚ್ಚುವುದು. ಎದೆಯ ಸಿಳ್ಳು ಥಟ್ಟನೆ ಅಡಗಿದರೆ ಬಂಧುಗಳು ಗುಣವಾಯಿತೆಂದು ಹಿಗ್ಗುವರು. ಆದರೆ ಗಾಳಿಯ ಸಂಚಾರವೇ ನಿಲ್ಲುತ್ತಿರುವಾಗಲೂ ಸದ್ದು ಅಡಗುವುದುಂಟು. ಬೆರಳಿಗೆ ತೊಡಿಸಿದ ಯಂತ್ರವು ರಕ್ತದಲ್ಲಿನ ಆಮ್ಲಜನಕವನ್ನು ತೋರಿಸುವುದೇ ಹೊರತು ಏರುತ್ತಿರುವ ಇಂಗಾಲಾಮ್ಲವನ್ನಲ್ಲ. ಆದುದರಿಂದ ಚಿಕಿತ್ಸಕನು ರಾತ್ರಿಯೆಲ್ಲ ರೋಗಿಯನ್ನು ಮಾತನಾಡಿಸಿ ನೋಡುವನು: ಒಂದೇ ಉಸಿರಿಗೆ ಪೂರ್ಣವಾಕ್ಯ ಬರುವುದೋ, ಬಿಡಿಪದಗಳೋ? ವಾಕ್ಯವು ತುಂಡಾದಷ್ಟೂ ಅಪಾಯವು ಹತ್ತಿರವೆಂದು ತಿಳಿಯತಕ್ಕದ್ದು.