ಸೂರಿಲ್ಲದವರ ದುಡ್ಡು ವೈಟ್‌ಫೀಲ್ಡ್‌ನಲ್ಲೇ ಇದೆಯಾ?

ವೈಟ್‌ಫೀಲ್ಡ್ ಕಟ್ಟೋಕೆ ಬಂದವರು,
ಪೀಣ್ಯದಲ್ಲಿ ಲೋಡ್ ಇಳಿಸೋರು,
ಬಾಡಿಗೆಗೆ ಕಾಸಿಲ್ಲದ ರಾತ್ರಿ ಎಲ್ಲಿ ಮಲಗ್ತಾರೆ?
2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು:
ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದು ಆಶ್ರಯ ಕೇಂದ್ರ,
ವರ್ಷವಿಡೀ, 24 ಗಂಟೆ.
2011ರ ಜನಗಣತಿಯಲ್ಲಿ ಬೆಂಗಳೂರು 84 ಲಕ್ಷ.
ಅಂದ್ರೆ ಆಗಲೇ ಕನಿಷ್ಠ 84 ಕೇಂದ್ರ ಬೇಕಿತ್ತು.
ಕಟ್ಟಡಕ್ಕೆ ದಾನಿಗಳು ಹೇಗೋ ಸಿಗ್ತಾರೆ,
ಹೆಸರಿನ ಫಲಕ ಹಾಕಬಹುದಲ್ಲ!
ಕಷ್ಟ ಇರೋದು ನೋಡಿಕೊಳ್ಳೋರ ಸಂಬಳ, ನೀರು, ಕರೆಂಟ್ ಬಿಲ್ಲಿಗೆ.
ಬೋರ್‌ವೆಲ್ ಕೊರೆಸಿ ಮೋಟರ್ ಇಳಿಸದೇ ಬಿಟ್ಟ ಹಾಗೆ.

ಹಾಗಾದ್ರೆ ಈ ಖರ್ಚಿಗೆ ಕೇಳೋದು ಯಾರನ್ನ?
ಪಕ್ಕದ ಕಂಪನಿಯನ್ನ.
ವರ್ಷಕ್ಕೆ 5 ಕೋಟಿ ಅಥವಾ ಹೆಚ್ಚು ನಿವ್ವಳ ಲಾಭ ಮಾಡಿದ ಕಂಪನಿ,
ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಕೊಡಬೇಕು.
ತಾನಿರೋ ಪ್ರದೇಶಕ್ಕೇ ಆದ್ಯತೆ ಅಂತಲೂ 2013ರ ಕಂಪನಿ ಕಾಯ್ದೆ ಹೇಳುತ್ತೆ.
ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಂಪನಿಗಳಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗುತ್ತಾ?

"ಅದು ಸರ್ಕಾರದ ಕೆಲಸ ಅಲ್ವಾ?"
ಹೌದು. ಸರ್ಕಾರದ ಅನುದಾನ ಬಿಡಲೇಬೇಡಿ;
ಇದು ಅದರ ಜೊತೆಗೆ.
"ಒಂದೇ ವರ್ಷ ಕೊಟ್ಟು ಕೈಬಿಟ್ರೆ?"
ಬಹುವರ್ಷದ ಯೋಜನೆ ಅಂತ ಒಪ್ಪಿಸಿ.
ಶುರುವಾದ ವರ್ಷ ಬಿಟ್ಟು
ಇನ್ನೂ ಮೂರು ವರ್ಷ ಹಣ ಕೊಡೋಕೆ ನಿಯಮದಲ್ಲೇ ಅವಕಾಶ ಇದೆ.

ಆಶ್ರಯ ಕೇಂದ್ರ ನಡೆಸೋ ಸಂಸ್ಥೆಯವರೇ, ಸಿಎಸ್‌ಆರ್ ಹಣ ಪಡೆಯೋಕೆ ಬೇಕಾದ ಸಿಎಸ್‌ಆರ್-1 ನೋಂದಣಿ ಮೊದಲು.
ಆಮೇಲೆ ಕಂಪನಿಗೆ ಅರ್ಜಿ.
ಬಜೆಟ್‌ನಲ್ಲಿ ಸಂಬಳದ ಸಾಲನ್ನ ಮೇಲೇ ಬರೀರಿ.