ಹೊಸ ಬಾಗಿಲು ಬಂತು, ಚಳಿಯೂ ಬಂತು

ಶ್ರೀರಾಂಪುರದ ನಮ್ಮ ಮನೆಯ ಮುಂಬಾಗಿಲು ಮಳೆಗೆ ನೆನೆದು ಕೆಳಗಡೆ ಕೊಳೆತಿತ್ತು. ತಂಗಿಯ ಮದುವೆಗೆ ಮುನ್ನ, ಆಗಸ್ಟ್ ತಿಂಗಳಲ್ಲಿ, ಚೌಕಟ್ಟು ಸಮೇತ ಹೊಸದನ್ನು ಹಾಕಿಸಿದೆವು. ಅದರ ಹೊಳಪು ಕಂಡು ನೆಂಟರೆಲ್ಲ ಮೆಚ್ಚಿದರು. ಡಿಸೆಂಬರ್ ಬಂದಾಗ ನಡುಮನೆಯಲ್ಲಿ ಮಲಗುವ ಅಮ್ಮಿ, “ಕಾಲಿಗೆ ಗಾಳಿ ಹೊಡೆಯುತ್ತಿದೆ” ಎನ್ನತೊಡಗಿದರು. “ವಯಸ್ಸಾಯಿತಲ್ಲ ಅಮ್ಮಿ, ಚಳಿ ತಡೆಯುವುದಿಲ್ಲ” ಎಂದು ನಾನು ಇನ್ನೊಂದು ರಜಾಯಿ ಹೊದಿಸಿದೆ. ಅವರು ಸುಮ್ಮನಾದರು. ಕೆಮ್ಮು ಸುಮ್ಮನಾಗಲಿಲ್ಲ.

ಒಂದು ರಾತ್ರಿ ಕರೆಂಟು ಹೋದಾಗ ಬೀದಿಯಲ್ಲಿ ಬಂದ ಬೈಕಿನ ಬೆಳಕು ಬಾಗಿಲ ಕೆಳಗೆ ಉದ್ದಕ್ಕೂ ಗೆರೆ ಎಳೆದಂತೆ ಕಂಡಿತು. ಕೈಯಿಟ್ಟು ನೋಡಿದೆ, ತಣ್ಣನೆಯ ಗಾಳಿ! ತಪ್ಪು ಅಮ್ಮಿಯ ವಯಸ್ಸಿನದಾಗಿರಲಿಲ್ಲ, ಬಾಗಿಲಿನದಾಗಿತ್ತು.

ಬೆಂಗಳೂರಿನ ಚಳಿ ಏನು ಮಹಾ ಎನ್ನಬಹುದು. ಆದರೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಈಗ ಅಷ್ಟು ಚಳಿಯಿಲ್ಲದಿದ್ದರೂ ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಮೂರಡಿ ಅಗಲದ ಬಾಗಿಲ ಕೆಳಗೆ ಅರ್ಧ ಇಂಚು ಸಂದಿದ್ದರೆ ಅದು 18 ಚದರ ಇಂಚು. ಗೋಡೆಯಲ್ಲಿ ಆರು ಇಂಚು ಉದ್ದ, ಮೂರು ಇಂಚು ಅಗಲದ ತೂತು ಕೊರೆದು ಬಿಟ್ಟಂತೆ! ಚಳಿಯ ಜೊತೆ ಬೀದಿಯ ಧೂಳು, ಸೊಳ್ಳೆ, ಜಿರಲೆ, ಮಳೆಗಾಲದಲ್ಲಿ ನೀರು ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ.

ಸಂದು ಏಕೆ ಉಳಿಯುತ್ತದೆ?

ಮೊದಲ ಕಾರಣ ಹೊಸ್ತಿಲು. ಹಳೆಯ ಮನೆಗಳಲ್ಲಿ ಕಲ್ಲಿನ ಅಥವಾ ಮರದ ಹೊಸ್ತಿಲಿಗೆ ಕದ ಬಂದು ತಾಗುತ್ತಿತ್ತು. ಈಗ ರಾತ್ರಿ ಸ್ಕೂಟರನ್ನು ಒಳಗೆ ತಳ್ಳಲು ಅಡ್ಡವೆಂದು ಹೊಸ್ತಿಲನ್ನೇ ಬಿಟ್ಟು, ಮೂರು ಬದಿಯ ಚೌಕಟ್ಟು ಹಾಕಿಸುತ್ತೇವೆ. ನಾವೂ ಹಾಗೆಯೇ ಮಾಡಿದ್ದೆವು.

ಎರಡನೆಯದು ಮರದ ಗುಣ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಕದ ಬಿಗಿಯಾಗುತ್ತದೆ. ಆಗ ಬಡಗಿಯನ್ನು ಕರೆಸಿ ಅಂಚು ಕೀಸಿಸಿದರೆ, ಒಣಹವೆ ಬಂದಾಗ ಮರ ಕುಗ್ಗಿ ಸಂದು ದೊಡ್ಡದಾಗುತ್ತದೆ. ಕದದ ಮೇಲಂಚು, ಕೆಳಂಚುಗಳಿಗೆ ಬಣ್ಣ ಬಳಿಯದೆ ಬಿಟ್ಟರೆ ತೇವ ಹೀರುವುದು ಇನ್ನೂ ಹೆಚ್ಚು.

ಮೂರನೆಯದು ಕೂರಿಸುವಾಗಿನ ಅವಸರ. ಚೌಕಟ್ಟು ತೂಗುಗುಂಡಿಗೆ ನೇರವಾಗಿಲ್ಲದಿದ್ದರೆ ಕದ ಒಂದು ಮೂಲೆಯಲ್ಲಿ ಕಚ್ಚಿ, ಇನ್ನೊಂದರಲ್ಲಿ ಬಾಯಿ ಬಿಡುತ್ತದೆ. ಚೌಕಟ್ಟು ಮತ್ತು ಗೋಡೆಯ ನಡುವೆ ತುಂಬಿದ ಗಾರೆ ಒಣಗಿ ಬಿರುಕು ಬಿಟ್ಟರೂ ಗಾಳಿ ನುಗ್ಗುತ್ತದೆ.

ಪತ್ತೆ ಹಚ್ಚುವುದು ಹೇಗೆ?

ಗಾಳಿ ಬೀಸುವ ಹೊತ್ತಿನಲ್ಲಿ ಫ್ಯಾನ್ ಆರಿಸಿ, ಹೊತ್ತಿಸಿದ ಊದುಬತ್ತಿಯನ್ನು ಬಾಗಿಲ ಸುತ್ತ ನಿಧಾನವಾಗಿ ಆಡಿಸಿ. ಪರದೆಯಿದ್ದರೆ ಮೊದಲು ಸರಿಸಿಬಿಡಿ. ಹೊಗೆ ಬಾಗಿದಲ್ಲಿ ಸಂದಿದೆ. ಕಾಗದದ ಚೂರನ್ನು ಕದದ ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಕದ ಕೂತಿಲ್ಲ. ಚೌಕಟ್ಟಿನ ಎರಡು ಕರ್ಣಗಳನ್ನು ದಾರದಿಂದ ಅಳೆಯಿರಿ. ಉದ್ದದಲ್ಲಿ ವ್ಯತ್ಯಾಸವಿದ್ದರೆ ಚೌಕಟ್ಟೇ ಸೊಟ್ಟಗಿದೆ.

ಪರಿಹಾರವೂ ಸಂದಿಗೆ ತಕ್ಕಂತಿರಲಿ. ಕದ ಜೋತಿದ್ದರೆ ಹಿಂಜಿನ ತಿರುಪು ಬಿಗಿಗೊಳಿಸಿದರೆ ಸಾಕಾಗಬಹುದು. ಕದ ಬಂದು ಕೂರುವ ಕಚ್ಚಿಗೆ ರಬ್ಬರ್ ಅಥವಾ ಫೋಮ್ ಪಟ್ಟಿ ಅಂಟಿಸಬಹುದು. ಅಂಟಿಸುವ ಮುನ್ನ ಧೂಳು ಒರೆಸಿ ಒಣಗಿಸಿ. ಪಟ್ಟಿ ತೀರಾ ದಪ್ಪವಾದರೆ ಚಿಲಕ ಬೀಳದು. ಕೆಳಗಿನ ಸಂದಿಗೆ ರಬ್ಬರ್ ಅಥವಾ ಬ್ರಷ್ ಇರುವ ಪಟ್ಟಿಯನ್ನು ಕದಕ್ಕೆ ತಿರುಪು ಹಾಕಿ ಕೂರಿಸಬೇಕು. ಗೋಡೆಯ ಬಿರುಕನ್ನು ಕೆರೆದು ಮತ್ತೆ ತುಂಬಿಸಬೇಕು. ಸೊಟ್ಟ ಚೌಕಟ್ಟಿಗೆ ಮಾತ್ರ ಅಂಟು ಪಟ್ಟಿ ಮದ್ದಲ್ಲ, ಬಿಚ್ಚಿ ಕೂರಿಸಲೇಬೇಕು. ಹಳೆ ಬಟ್ಟೆ ತುರುಕುವ ಅಭ್ಯಾಸ ಬೇಡ, ವಯಸ್ಸಾದವರು ಎಡವಿ ಬೀಳುತ್ತಾರೆ.

ಒಂದು ಎಚ್ಚರಿಕೆ

ಗಾಳಿ ಬರುತ್ತದೆಂದು ಮನೆಯನ್ನೆಲ್ಲ ಡಬ್ಬಿಯಂತೆ ಮುಚ್ಚಬೇಡಿ. ಅಡುಗೆಮನೆಯ ಕಿಟಕಿ ತೆರೆದಿರಲಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಗಾಳಿಯ ದಾರಿಯನ್ನು ಎಂದಿಗೂ ಮುಚ್ಚಬಾರದು. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ತಿಳಿಯುವ ಮುನ್ನವೇ ಪ್ರಾಣ ಕಳೆದುಕೊಂಡ ಘಟನೆಗಳು ನಡೆದಿವೆ.

ಹೊಸ ಬಾಗಿಲು ಹಾಕಿಸುವ ಸಹೋದರಿಯರು ಪೂರ್ತಿ ಹಣ ಕೊಡುವ ಮೊದಲು ಈ ಊದುಬತ್ತಿ ಪರೀಕ್ಷೆ ಮಾಡಿಬಿಡಿ. ಅಂಗಡಿಯವರೇ ಕೂರಿಸಿಕೊಟ್ಟಿದ್ದರೆ ಬಿಲ್ ಜೋಪಾನ. ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ನಮ್ಮ ಬಡಗಿ ಬಂದು ಹಿಂಜು ಸರಿಪಡಿಸಿ, ಸ್ಕೂಟರ್ ಹತ್ತುವಷ್ಟು ಇಳಿಜಾರಾದ ತೆಳು ಹೊಸ್ತಿಲು ಕೂರಿಸಿದರು. ಅರ್ಧ ದಿನದ ಕೆಲಸ. ಅಂದು ರಾತ್ರಿ ಅಮ್ಮಿ ಒಂದೇ ರಜಾಯಿ ಹೊದ್ದು ಮಲಗಿದರು. ಬೆಳಿಗ್ಗೆ, “ನಾನು ಹೇಳಿರಲಿಲ್ಲವೇ?” ಎಂದು ಕೇಳಿದರು, ಅಷ್ಟೇ.

ಹಿರಿಯರು ಚಳಿ ಎಂದಾಗ ಅವರ ವಯಸ್ಸನ್ನು ಲೆಕ್ಕ ಹಾಕುವ ಮೊದಲು ಎದ್ದು ಹೋಗಿ ಬಾಗಿಲ ಕೆಳಗೆ ಕೈಯಿಟ್ಟು ನೋಡೋಣ.