ಉಪ್ಪುನೀರಿನಿಂದ ಲಿಥಿಯಂ: ಕ್ಯಾಲಿಫೋರ್ನಿಯಾದ ಪ್ರಯತ್ನ

ವೈದ್ಯರಿಗೆ ಲಿಥಿಯಂ ಮೊದಲು ಪರಿಚಯವಾಗುವುದು ಬೈಪೋಲಾರ್ ಕಾಯಿಲೆಯ ಮಾತ್ರೆಯಾಗಿ. ಮೂತ್ರಪಿಂಡವು ಅದನ್ನು ಬಹುಮಟ್ಟಿಗೆ ಸೋಡಿಯಂ ಎಂದೇ ಬಗೆಯುತ್ತದೆ. ಆದ್ದರಿಂದಲೇ ಈ ಮಾತ್ರೆ ಸೇವಿಸುವವರು ಊಟದ ಉಪ್ಪನ್ನು ಏಕಾಏಕಿ ಕಡಿಮೆ ಮಾಡಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಲ್ಲದು. ಮೂತ್ರಪಿಂಡಕ್ಕೆ ಒಗ್ಗದ ಈ ವಿಂಗಡಣೆಯನ್ನು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅಧಿಶೋಷಕ ಕಾಳುಗಳಿಂದ ಮಾಡಿಸಲು ಯತ್ನಿಸುತ್ತಿದ್ದಾರೆ.

ಸಾಲ್ಟನ್ ಸೀ ಸರೋವರದ ದಕ್ಷಿಣ ದಂಡೆಯ ಆಳದಿಂದ ಮೇಲೆತ್ತುವ ಬಿಸಿ ಉಪ್ಪುನೀರಿನ ಆವಿಯಿಂದ 1980ರ ದಶಕದಿಂದಲೂ ವಿದ್ಯುತ್ ಉತ್ಪಾದನೆಯಾಗುತ್ತಿದೆ. ಆ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 200 ಮಿಲಿಗ್ರಾಂ ಲಿಥಿಯಂ ಇದೆ. ಸಮುದ್ರದ ನೀರಿನಲ್ಲಿ 0.2 ಮಿಲಿಗ್ರಾಂ ಮಾತ್ರ. ಸಿಲಿಕಾ, ಕಬ್ಬಿಣಗಳನ್ನು ಮೊದಲು ಬೇರ್ಪಡಿಸಿ, ನೀರನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಧಾರಿತ ಕಾಳುಗಳ ಮೂಲಕ ಹಾಯಿಸಬೇಕು. ಅವುಗಳ ಪದರಗಳೊಳಗೆ ಪುಟ್ಟ ಲಿಥಿಯಂ ಅಯಾನು ಹೊಕ್ಕು ಕೂರುತ್ತದೆ; ಗಾತ್ರದಲ್ಲಿ ದೊಡ್ಡವಾದ ಸೋಡಿಯಂ, ಪೊಟ್ಯಾಸಿಯಂಗಳು ಬಹುಪಾಲು ಮುಂದೆ ಸಾಗುತ್ತವೆ. ಬಳಿಕ ಸಿಹಿನೀರು ಹರಿಸಿದರೆ ಲಿಥಿಯಂ ಕ್ಲೋರೈಡ್ ಬಿಟ್ಟುಕೊಳ್ಳುತ್ತದೆ. ಚಿಲಿಯ ಅಟಕಾಮಾದ ಕೊಳಗಳಲ್ಲಿ ಬಿಸಿಲನ್ನೇ ನಂಬಿ ವರ್ಷಕ್ಕೂ ಮಿಕ್ಕಿ ಕಾಯಬೇಕು. ಇಲ್ಲಿ ಗಂಟೆಗಳು ಸಾಕು. (ಮಂಡ್ಯ ಜಿಲ್ಲೆಯಲ್ಲಿ ಕಂಡುಬಂದ ಲಿಥಿಯಂ ಇರುವುದು ಕಲ್ಲಿನಲ್ಲಿ, ಅದಕ್ಕೆ ಈ ಉಪಾಯ ನೇರವಾಗಿ ಸಲ್ಲದು.)

ನನ್ನ ಚಿಂತೆ ಆ ಸಿಹಿನೀರಿನದು. ಈ ಕಣಿವೆಗೆ ಕೊಲರಾಡೊ ನದಿಯೇ ಆಸರೆ. ಅದರ ನೀರುಂಡ ಹೊಲಗಳಿಂದ ಬಸಿದು ಬರುವುದೇ ಸರೋವರಕ್ಕೂ ಆಧಾರ. ಒಳಹರಿವು ಕುಗ್ಗಿದಂತೆ ಬತ್ತಿದ ತಳದ ಧೂಳು ಗಾಳಿಗೇರುತ್ತಿದೆ. ಉಬ್ಬಸದಿಂದ ತುರ್ತು ಚಿಕಿತ್ಸೆಗೆ ಬರುವ ಅಲ್ಲಿನ ಮಕ್ಕಳ ಪ್ರಮಾಣ ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು. ಲಿಥಿಯಂ ಬೇಡವೆನ್ನಲಾರೆ, ಆದರೆ ತೊಳೆದ ನೀರನ್ನು ಮತ್ತೆ ಬಳಸುವ ವ್ಯವಸ್ಥೆಯಿಲ್ಲದ ಘಟಕಕ್ಕೆ ಪರವಾನಗಿ ಕೊಡುವುದು ವೈದ್ಯನಾದ ನನಗೆ ಸರಿಯೆಂದು ತೋರುವುದಿಲ್ಲ.